ಕೂಸಿನ ಬೆನ್ನ ನೀಲಿ

ಚೊಚ್ಚಲ ಹೆರಿಗೆಗೆ ತವರು ಯಂಕಂಚಿಗೆ ಬಂದಿದ್ದೆ. ಹೆತ್ತವ್ವ ನಾನು ತೊಟ್ಟಿಲಲ್ಲಿದ್ದಾಗಲೇ ತೀರಿಹೋಗಿದ್ದಳು. ಅವಳದೊಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ. ಬಾಣಂತನ ಅತ್ತಿಗೆಯದು, ಕೂಸಿಗೆ ನೀರೆರೆಯುವ ಕೆಲಸ ಸೂಲಗಿತ್ತಿಯದು. ಮಸೀದಿ ಓಣಿಯ ಆ ಮುದುಕಿಯನ್ನು ಊರೆಲ್ಲ ಆಯಿ ಅನ್ನುತ್ತಿತ್ತು. ನಾನು ಹುಟ್ಟಿದ್ದೂ ಆಕೆಯ ಕೈಯಲ್ಲೇ. ಕಾಲು ನೀಡಿ, ಕೂಸನ್ನು ಬೋರಲು ಹಾಕಿಕೊಂಡು ಬೆನ್ನು ತಟ್ಟತೊಡಗಿದರೆ ಸಪ್ಪಳ ಪಡಸಾಲೆಗೆ ಕೇಳುತ್ತಿತ್ತು.

ಬಾಣಂತಿ ಕೋಣೆಗೆ ಕಿಟಕಿ ಇರಲಿಲ್ಲ. ಐದನೆಯ ದಿನ ಬಾಗಿಲ ಬೆಳಕಿನಲ್ಲಿ ಬಟ್ಟೆ ಬಿಚ್ಚಿ ನೋಡಿದರೆ, ಕೂಸಿನ ಸೊಂಟದಿಂದ ಕುಂಡಿಯವರೆಗೆ ನೀಲಿ!

"ಎರಿಯಾಕತ್ತೀಯೋ, ಬಡಿಯಾಕತ್ತೀಯೋ? ನೋಡಿಲ್ಲೆ, ರಕ್ತ ಹೆಪ್ಪುಗಟ್ಟೈತಿ!" ಎಂದು ಆಯಿಯ ಮೇಲೆ ಓಣಿಗೆಲ್ಲ ಕೇಳುವಂತೆ ಕಿರುಚಿದೆ.

"ಅದು ಹುಟ್ಟತಲೇ ಬಂದ ಕಲೆ ತಂಗಿ, ಹೋಗ್ತೈತಿ," ಎಂದಳು ಆಯಿ.

"ಸುಳ್ಳ ಹೇಳಬ್ಯಾಡ!"

ನನ್ನ ಬಾಯಿಯೇ ಅಂಥದು, ಸುಡುಗಾಡು ಬಾಯಿ. ಆಯಿ ಸೆರಗಿಗೆ ಕೈ ಒರೆಸಿಕೊಂಡು ಹೋದಳು. ಸಂಜೆಯೊಳಗೆ ಓಣಿಯ ಇನ್ನೆರಡು ಬಾಣಂತಿಯರ ಮನೆಯವರೂ ಆಕೆಗೆ ಬರಬೇಡ ಎಂದರು. ಆಕೆಯ ಹೊಟ್ಟೆಪಾಡು ನಡೆಯುತ್ತಿದ್ದದ್ದೇ ಆ ಕೈಗಳಿಂದ.

ವಾರವಾದರೂ ನೀಲಿ ಇಳಿಯಲಿಲ್ಲ. ಅಣ್ಣ ಅತ್ತಿಗೆ ಗಾಬರಿಯಾಗಿ ಚಕ್ಕಡಿ ಕಟ್ಟಿಸಿ ಕೂಸನ್ನು ಸಿಂದಗಿಯ ದವಾಖಾನೆಗೆ ಒಯ್ದರು. ಡಾಕ್ಟರು ನಕ್ಕುಬಿಟ್ಟರಂತೆ: "ಯಾರೂ ಬಡದಿಲ್ರಿ. ಭಾಳ ಕೂಸುಗಳಿಗೆ ಹುಟ್ಟತಲೇ ಇರ್ತೈತಿ. ಬೆಳೀತ ಬೆಳೀತ ತಾನ ಹೋಗ್ತೈತಿ."

ನಾಚಿಕೆಯಿಂದ ನೆಲಕ್ಕಿಳಿದುಹೋದೆ. ಹೇಳಿಕಳಿಸಿದರೆ ಆಯಿ ಬರಲಿಲ್ಲ. ಬಾಣಂತಿ ಹೊಸ್ತಿಲು ದಾಟುವಂತಿಲ್ಲ, ನಾನು ದಾಟಿದೆ. ಕೂಸನ್ನು ಎದೆಗವಚಿಕೊಂಡು ನಡುಹಗಲಲ್ಲೇ ಮಸೀದಿ ಓಣಿಗೆ ನಡೆದೆ. ಕಟ್ಟೆಯ ಮೇಲಿನ ಹೆಂಗಸರು ಬಾಯಿ ಬಿಟ್ಟುಕೊಂಡು ನೋಡಿದರು.

"ತಪ್ಪು ನಂದು ಆಯಿ, ನೀ ಏನೂ ಮಾಡಿಲ್ಲ!" ಎಂದು ಅವರಿಗೆಲ್ಲ ಕೇಳಲೆಂದೇ ಒದರಿದೆ.

"ಯಾ ಅಲ್ಲಾ! ಹಸೀ ಮೈಲೆ ಗಾಳ್ಯಾಗ ಬಂದೀಯಲ್ಲ, ತಲಿ ನೆಟ್ಟಗೈತೇನ ನಿಂದು?" ಆಯಿ ಬೈಯುತ್ತಲೇ ನನ್ನ ಕಿವಿಗೆ ಬಟ್ಟೆ ಸುತ್ತಿದಳು. ಕೂಸನ್ನು ಇಸಿದುಕೊಂಡು, ಬೆನ್ನು ಸವರಿ ನಕ್ಕಳು.

"ನಿನಗೂ ಇಲ್ಲೇ ಇತ್ತು, ಇಷ್ಟೇ ನೀಲಿ. ನಿಮ್ಮವ್ವನೂ ನನಗ ಹಿಂಗ ಬೈದಿದ್ಲು. ಆಮ್ಯಾಲ ನಿನ್ನ ಎತ್ಕೊಂಡು ಇದ ಬಾಗಲಿಗೆ ಓಡಿ ಬಂದಿದ್ಲು."

ಅವ್ವ ಹೇಗಿದ್ದಳೆಂದು ಅಲ್ಲಿಯವರೆಗೆ ಯಾರೂ ನನಗೆ ಹೇಳಿರಲಿಲ್ಲ.

ಆಮೇಲೆ ದಿನಾ ಎಣ್ಣೆ ಹಚ್ಚುವಾಗ, ಅವ್ವ ನನ್ನ ಬೆನ್ನ ಮೇಲೆ ನೋಡಿದ್ದೂ ಇದನ್ನೇ ಎಂದುಕೊಂಡು ಆ ನೀಲಿಯನ್ನು ನೋಡುತ್ತಿದ್ದೆ. ಮಗಳು ಓಡಾಡುವ ಹೊತ್ತಿಗೆ ಅದು ಪೂರ್ತಿ ಮಾಸಿತು. ಅದು ಒಂಚೂರೂ ಕಾಣದ ದಿನ ಬಚ್ಚಲಲ್ಲಿ ಕುಳಿತು ಅತ್ತುಬಿಟ್ಟೆ.