ಕ್ಲಾಸಿನವರು ಹಾಕಿದ ಫೋಟೊ

ಶಿಕ್ಷಕರ ನೇಮಕಾತಿ ಪರೀಕ್ಷೆಗೆಂದು ಧಾರವಾಡದ ಕೋಚಿಂಗ್ ಕ್ಲಾಸಿಗೆ ನಾನು ಸೇರಿದ ಸಂಗತಿ ಗಂಡನಿಗೆ ಮಾತ್ರ ಗೊತ್ತಿತ್ತು. ಕ್ಲಾಸಿನವರು ನನ್ನ ಫೋಟೊ, ಊರು, ವಯಸ್ಸನ್ನೆಲ್ಲ ಸೋಶಿಯಲ್ ಮೀಡಿಯಾದಲ್ಲಿ ಹಾಕಿ, ‘ಮೂರು ಸಲ ಫೇಲಾದರೂ ಛಲ ಬಿಡದ ತಾಯಿ’ ಎಂದು ಬರೆದರು. ಹೆಬ್ಬಳ್ಳಿಯಿಂದ ಅತ್ತೆ ಫೋನು ಮಾಡಿ, “ಮೂರು ಸಲ ಫೇಲಾದ್ರೂ ಹುಚ್ಚು ಬಿಟ್ಟಿಲ್ಲೇನು?” ಎಂದರು.

ಮರುದಿನ ಕ್ಲಾಸಿನ ಮಾಲೀಕನ ಎದುರು ನಿಂತೆ. “ನನ್ನ ಕೇಳದ ಯಾಕ ಹಾಕಿದ್ರಿ?”

“ಕ್ಲಾಸಿಗೆ ಸೇರುವಾಗ ಅರ್ಜಿಗೆ ನೀವ ಸಹಿ ಮಾಡೀರಲ್ರಿ ಮೇಡಂ. ಎಷ್ಟು ಲೈಕ್ ಬಂದಾವ ನೋಡ್ರಿ,” ಎಂದು ನಗುತ್ತ ಫೋನು ಚಾಚಿದ.

“ಓದಾಕ ಸಹಿ ಮಾಡೇನಿ, ನನ್ನ ಮಾರಿ ತೋರಿಸಿ ಗಿರಾಕಿ ಕರ್ಯಾಕಲ್ಲ. ಈಗಿಂದೀಗ ತಗೀರಿ.”

ಗೊಣಗುತ್ತ ಅಳಿಸಿದ. ಅಷ್ಟರಲ್ಲಿ ಅದು ನೆಂಟರ ಫೋನುಗಳಿಗೆಲ್ಲ ಹೋಗಿ ಮುಟ್ಟಿತ್ತು. ಕ್ಲಾಸು ಬಿಟ್ಟು ಮನೆಯಲ್ಲೇ ಓದಿದೆ. ಆ ಮನುಷ್ಯನನ್ನು ಇವತ್ತಿಗೂ ಕ್ಷಮಿಸಿಲ್ಲ.