ಎಲ್ಲಮ್ಮಾ ಒತ್ತೋದು?

ವೆಬ್ ಸಲಹೆಗಾರ್ತಿಗೆ ಬೀದಿಯವರು ಇಟ್ಟ ಹೆಸರು ಲಿಂಕಕ್ಕ. "ಸೈಟ್ ಮಾಡ್ಕೊಡ್ತೀನಿ" ಎಂದಾಗ "ಎಷ್ಟಡಿಗೆ ಎಷ್ಟಡಿ?" ಎಂದವರಿಗೂ ಲಿಂಕ್ ಕಳಿಸುವಳು, ಹಲ್ಲು ಕೀಳಿಸಿಕೊಳ್ಳಲು ಹೋಗಿ ದಂತವೈದ್ಯರನ್ನೇ ತಿಂಗಳ ಟೆಕ್ ಕೂಟಕ್ಕೆ ಎಳೆತಂದವಳು. ಆದರೆ ಕೂಟದ ಎಂಜಿನಿಯರುಗಳು ಎಷ್ಟೇ ಹೊಗಳಲಿ, ಅವಳ ಸೈಟು ಕೆಳಮನೆಯ ದರ್ಜಿ ಅಜ್ಜಿಯ ಗೀರುಬಿದ್ದ ಫೋನಿನಲ್ಲಿ ಪಾಸಾಗಲೇಬೇಕು. ಇವತ್ತು ಆಸ್ಪತ್ರೆಯ ಸೈಟು, ಸಂಜೆಯೇ ಕೂಟದಲ್ಲಿ ತೋರಿಸಬೇಕು. "ಚೀಟಿ ತಗೊಳ್ಳೋಕೆ ಎಲ್ಲಮ್ಮಾ ಒತ್ತೋದು?" ಎಂದರು ಅಜ್ಜಿ. ಲಿಂಕಕ್ಕ ಕುಣಿದುಕೊಂಡೇ ಸೈಟನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಲು ಕೂತಳು. "ಅಯ್ಯೋ, ಕೇಳಿದ್ದೇ ತಪ್ಪಾಯ್ತಾ?" "ಕೇಳಿದ್ರಲ್ಲ ಅಜ್ಜಿ, ಅದೇ ಖುಷಿ! ನಮ್ಮಮ್ಮ ಆಸ್ಪತ್ರೆ ಚೀಟಿ ಮಿಷಿನ್ ಮುಂದೆ ನಿಂತು, ಕೇಳೋಕೆ ನಾಚ್ಕೊಂಡು, ಡಾಕ್ಟ್ರಿಗೆ ತೋರಿಸ್ಕೊಳ್ದೇ ವಾಪಸ್ ಬಂದ್ಬಿಟ್ರು." ಸಂಜೆ ಕೂಟದೆದುರು ಅಜ್ಜಿಯ ಹೆಬ್ಬೆರಳು ಯಾರನ್ನೂ ಕೇಳದೆ ಚೀಟಿಯ ಹೊಸ ಹಸಿರು ಗುಂಡಿ ಒತ್ತಿತು, ಲಿಂಕಕ್ಕನ ಶಿಳ್ಳೆಯಲ್ಲಿ ಚಪ್ಪಾಳೆಯೇ ಕೇಳಿಸಲಿಲ್ಲ.