ಹತ್ತು ಜೊತೆ ಕಣ್ಣುಗಳ ಪರೀಕ್ಷೆ

೨೦೨೩ರ ಬೇಸಿಗೆ. ಹೈದರಾಬಾದಿನಲ್ಲಿ ಮಿಯಾಪುರ ದಾಟಿ ಮುಂಬೈ ಹೆದ್ದಾರಿ ಹಿಡಿದರೆ ಮುಕ್ಕಾಲು ಗಂಟೆಯಲ್ಲಿ ಸಿಗುವ ಒಂದು ಇಂಜೆಕ್ಷನ್ ಔಷಧ ಕಾರ್ಖಾನೆಯಲ್ಲಿ ನಾನು ಆಗ ವ್ಯಾಲಿಡೇಷನ್ ವಿಭಾಗದ ಮುಖ್ಯಸ್ಥೆಯಾಗಿದ್ದೆ. ವ್ಯಾಲಿಡೇಷನ್ ಎಂದರೆ, ಹೊಸ ಯಂತ್ರವೊಂದು ತನಗೆ ಒಪ್ಪಿಸಿದ ಕೆಲಸವನ್ನು ಪ್ರತಿ ಸಲವೂ ತಪ್ಪಿಲ್ಲದೆ ಮಾಡುತ್ತದೆ ಎಂದು ಪರೀಕ್ಷಿಸಿ, ದಾಖಲೆ ಸಮೇತ ಸಾಬೀತುಪಡಿಸುವುದು. ನನ್ನ ಸಹಿ ಬೀಳುವವರೆಗೆ ಯಾವ ಯಂತ್ರವೂ ಮಾರಾಟಕ್ಕೆ ಹೋಗುವ ಔಷಧವನ್ನು ಮುಟ್ಟುವಂತಿರಲಿಲ್ಲ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಆ ಸಹಿಯ ಬಗ್ಗೆ ನನಗೆ ಸಣ್ಣ ಜಂಬವೇ ಇತ್ತು. ಅದಕ್ಕಿದ್ದ ಬಲ ಎಷ್ಟು ಎಂಬುದು ಗೊತ್ತಾದದ್ದು ಈ ಪ್ರಕರಣದಲ್ಲಿ.

ನಮ್ಮಲ್ಲಿ ತಯಾರಾಗುತ್ತಿದ್ದುದು ವಯಲ್‌ಗಳು, ಅಂದರೆ ಹೆಬ್ಬೆರಳು ಗಾತ್ರದ ಗಾಜಿನ ಸೀಸೆಗಳು. ದ್ರವ ತುಂಬಿ, ರಬ್ಬರ್ ಮುಚ್ಚಳ ಕೂರಿಸಿ, ಅಲ್ಯೂಮಿನಿಯಂ ಸೀಲ್ ಬಿಗಿದ ಮೇಲೆ ಪ್ರತಿಯೊಂದನ್ನೂ ಪರೀಕ್ಷಿಸಲೇಬೇಕು. ಒಳಗೊಂದು ಗಾಜಿನ ಚೂರೋ ನೂಲಿನ ಎಳೆಯೋ ಉಳಿದಿದ್ದರೆ ಅದು ರೋಗಿಯ ರಕ್ತಕ್ಕೇ ಹೋಗುತ್ತದೆ. ಈ ಕೆಲಸಕ್ಕೆ ನಲವತ್ತು ಮಂದಿ ಹೆಂಗಸರಿದ್ದರು. ಒಬ್ಬೊಬ್ಬರ ಮುಂದೆಯೂ ಒಂದು ದೀಪ, ಅದರ ಹಿಂದೆ ಅರ್ಧ ಕಪ್ಪು ಅರ್ಧ ಬಿಳಿ ಹಲಗೆ. ವಯಲನ್ನು ಮಣಿಕಟ್ಟಿನಲ್ಲಿ ತಿರುಗಿಸಿ ಕಪ್ಪಿನ ಮುಂದೆ ಐದು ಸೆಕೆಂಡ್, ಬಿಳಿಯ ಮುಂದೆ ಐದು ಸೆಕೆಂಡ್ ಹಿಡಿದು ನೋಡಬೇಕು. ಗಂಟೆಗೊಮ್ಮೆ ಹತ್ತು ನಿಮಿಷ ಕಣ್ಣು ಮುಚ್ಚಿ ಕೂರಬೇಕು. ಆರು ತಿಂಗಳಿಗೊಮ್ಮೆ ಕಣ್ಣಿನ ತಪಾಸಣೆ. ಅರ್ಧಕ್ಕರ್ಧ ಜನ ರಾಯಚೂರು, ಯಾದಗಿರಿ ಕಡೆಯವರು. ಗಂಡಂದಿರು ಮಿಯಾಪುರದ ಅಪಾರ್ಟ್‌ಮೆಂಟ್ ಕಟ್ಟಡಗಳಲ್ಲಿ ಸೆಂಟ್ರಿಂಗ್, ಗಾರೆ ಕೆಲಸಕ್ಕೆ ಬಂದಾಗ ಜೊತೆಗೆ ಬಂದವರು. ನಲವತ್ತೂ ಜನ ಇದ್ದದ್ದು ಗುತ್ತಿಗೆದಾರನ ಪಟ್ಟಿಯಲ್ಲಿ.

ಅವರಲ್ಲಿ ಹಿರಿಯಳು ಹುಲಿಗೆಮ್ಮ. ಲಿಂಗಸೂಗೂರು ಕಡೆಯವಳು, ಏಳನೇ ಇಯತ್ತೆಯವರೆಗೆ ಓದಿದವಳು, ಹನ್ನೊಂದು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತವಳು. ನಾನೂ ರಾಯಚೂರಿನವಳಾದ್ದರಿಂದ ನನ್ನ ಜೊತೆ ಸಲಿಗೆಯಿಂದ ಮಾತಾಡುತ್ತಿದ್ದಳು. ಹೊಸಬರು ಬಂದರೆ ನಾವು ಕೊಡುತ್ತಿದ್ದ ತರಬೇತಿ ಎರಡು ದಿನದ್ದು. ನಿಜವಾದ ತರಬೇತಿ ಅವಳ ಪಕ್ಕದ ಕುರ್ಚಿಯಲ್ಲಿ ಆಗುತ್ತಿತ್ತು.

ಮಾರ್ಚಿನಲ್ಲಿ ಯುರೋಪಿನ ನಮ್ಮ ದೊಡ್ಡ ಗ್ರಾಹಕ ಕಂಪನಿ ಒಂದು ಷರತ್ತು ಕಳಿಸಿತು. ವರ್ಷದೊಳಗೆ ವಯಲ್‌ಗಳ ತಪಾಸಣೆ ಯಂತ್ರದಿಂದಲೇ ಆಗಬೇಕು, ಇಲ್ಲದಿದ್ದರೆ ಆರ್ಡರು ಬೇರೆ ದೇಶದ ಕಾರ್ಖಾನೆಗೆ ಹೋಗುತ್ತದೆ. ನಮ್ಮ ಕಾರ್ಖಾನೆಯ ಮುಖ್ಯಸ್ಥರು ಸುಧಾಕರ ರಾವ್. ತೆಲುಗಿನವರು, ಒರಟರಲ್ಲ, ಕೆಲಸ ಬಲ್ಲವರು. ನನ್ನನ್ನು ಕೂರಿಸಿಕೊಂಡು ಹೇಳಿದರು: "ಮೇಡಂಗಾರು, ಈ ಆರ್ಡರ್ ಹೋದರೆ ತಪಾಸಣೆ ಕೋಣೆ ಮಾತ್ರ ಅಲ್ಲ, ಇಡೀ ಲೈನೇ ಮುಚ್ಚುತ್ತದೆ. ನೀವೂ ಇಲ್ಲ, ನಾನೂ ಇಲ್ಲ."

ಅವರ ಮಾತು ಸುಳ್ಳಾಗಿರಲಿಲ್ಲ. ನನ್ನ ಸಿಟ್ಟಿಗೆ ಇವತ್ತಿಗೂ ಒಂದು ವಿಳಾಸ ಸಿಗದಿರುವುದು ಅದಕ್ಕೇ.

ಯಂತ್ರ ಬಂತು. ಹದಿನಾರು ಕ್ಯಾಮೆರಾ, ನಿಮಿಷಕ್ಕೆ ಮುನ್ನೂರು ವಯಲ್. ಅದನ್ನು ಕೂರಿಸಿ ಹದಗೊಳಿಸಲು ಯಂತ್ರದ ಕಂಪನಿಯಿಂದ ಬಂದವರು ಪ್ರಜ್ವಲ್ ಎಂಬ ಮೈಸೂರಿನ ಎಂಜಿನಿಯರ್. ಕಂಪ್ಯೂಟರಿಗೆ ಚಿತ್ರ ನೋಡಿ ದೋಷ ಗುರುತಿಸಲು ಕಲಿಸುವುದು ಅವರ ಕೆಲಸ. ಹೆಂಗಸರಿಗೆ ಆಡಳಿತದವರು ಹೇಳಿದ್ದು ಒಂದೇ ಮಾತು: ಯಂತ್ರ ನಿಮ್ಮ ಕೆಲಸ ಹಗುರ ಮಾಡಲಿಕ್ಕೆ ಬಂದಿದೆ.

ಇಂಥ ಯಂತ್ರವನ್ನು ಪರೀಕ್ಷಿಸುವ ಕ್ರಮವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಇನ್ನೂರೈವತ್ತು ವಯಲ್‌ಗಳ ಒಂದು ಗುಚ್ಛ ತಯಾರಿಸುತ್ತೇವೆ. ಕೆಲವು ಶುದ್ಧ, ಕೆಲವಕ್ಕೆ ನಾವೇ ದೋಷ ಸೇರಿಸಿರುತ್ತೇವೆ. ಯಾವುದರಲ್ಲಿ ಏನಿದೆ ಎಂಬುದು ನನಗೆ ಮಾತ್ರ ಗೊತ್ತು. ಮೊದಲು ಅತ್ಯುತ್ತಮ ಹತ್ತು ಮಂದಿ ಆ ಗುಚ್ಛವನ್ನು ಮೂರು ಮೂರು ಸಲ ನೋಡುತ್ತಾರೆ. ಅವರು ಪಡೆದ ಅಂಕವೇ ಅಳತೆಗೋಲು. ಯಂತ್ರ ಅದನ್ನು ಮುಟ್ಟಬೇಕು ಅಥವಾ ದಾಟಬೇಕು. ಆ ಹತ್ತು ಮಂದಿಯನ್ನು ಆರಿಸಿದವಳು ನಾನು. ಮೊದಲ ಹೆಸರು ಹುಲಿಗೆಮ್ಮನದೇ.

ಪರೀಕ್ಷೆಯ ಬೆಳಿಗ್ಗೆ ಗೌನು, ಟೋಪಿ ತೊಟ್ಟುಕೊಂಡು ಅವಳು ನನ್ನ ಹತ್ತಿರ ಬಂದಳು.

"ಮೇಡಂರಿ, ಇದ್ರಾಗ ನಾವು ಪಾಸಾದ್ರ ಏನಾಕ್ಕೈತ್ರಿ?"

"ಯಂತ್ರ ಎಷ್ಟು ಚೆನ್ನಾಗಿ ನೋಡಬೇಕು ಅನ್ನೋದು ನಿಮ್ಮಿಂದ ತೀರ್ಮಾನ ಆಗುತ್ತದೆ," ಎಂದೆ.

"ಹಂಗಂದ್ರ, ನಮಗಿಂತ ಅದು ಚಲೋ ನೋಡತೈತಿ ಅಂತ ತೋರಸಾಕ ನಮ್ಮ ಕಣ್ಣಽ ಬೇಕಾತು ಅನ್ರಿ."

ಹೌದು ಅನ್ನಬೇಕಿತ್ತು. "ಹೊತ್ತಾಯಿತು, ಕೂತುಕೊಳ್ಳಿ," ಎಂದೆ.

ಹತ್ತೂ ಜನ ಮನಸ್ಸಿಟ್ಟು ನೋಡಿದರು. ಬೇಕೆಂದೇ ತಪ್ಪು ಮಾಡಿ ಅಳತೆಗೋಲನ್ನು ಕೆಳಗಿಳಿಸಬಹುದಿತ್ತು. ಅದರಿಂದ ಯಂತ್ರಕ್ಕೆ ಅನುಕೂಲವೇ ಆಗುತ್ತಿತ್ತು. ತಮ್ಮ ಕೈಲಾದಷ್ಟು ಚೆನ್ನಾಗಿ ನೋಡಿದ್ದರಿಂದ ಅಳತೆಗೋಲು ಬಹಳ ಮೇಲೆ ನಿಂತಿತು. ಯಂತ್ರ ಮೊದಲ ಸುತ್ತಿನಲ್ಲಿ ಬಿದ್ದೇ ಹೋಯಿತು. ಗಾಳಿಗುಳ್ಳೆಯನ್ನೂ ಗಾಜಿನ ಚೂರೆಂದು ತಿಳಿದು ಒಳ್ಳೆಯ ವಯಲ್‌ಗಳನ್ನು ರಾಶಿ ರಾಶಿ ತಿರಸ್ಕರಿಸಿತು. ಎರಡನೇ ಸುತ್ತಿನಲ್ಲೂ ಹಾಗೇ.

ಮೂರನೇ ದಿನ ಪ್ರಜ್ವಲ್ ಸೋತ ಮುಖ ಹೊತ್ತು ಹುಲಿಗೆಮ್ಮನ ಪಕ್ಕ ಹೋಗಿ ಕೂತರು. "ಅಕ್ಕಾ, ಇದು ಗುಳ್ಳೆ, ಇದು ಗಾಜು ಅಂತ ನಿಮಗೆ ಹೆಂಗೆ ಗೊತ್ತಾಗುತ್ತೆ? ಸ್ವಲ್ಪ ಹೇಳ್ಕೊಡಿ."

ಅವಳು ಒಂದು ವಯಲ್ ತಿರುಗಿಸಿ ಗಕ್ಕನೆ ನಿಲ್ಲಿಸಿದಳು. "ನೋಡ್ರಿ ಸರ. ಗುಳ್ಳಿ ಮ್ಯಾಲ ಹೊಕ್ಕೈತಿ. ಗಾಜು ಕೆಳಗ ಇಳಿತೈತಿ. ಇಳಿಯೂ ಮುಂದ ಒಮ್ಮಿ ಮಿಂಚತೈತಿ, ಒಂದಽ ಸಲ. ನೀವು ನಿಲ್ಲಿಸಿದ ಕೂಡ್ಲೇ ನೋಡ್ತೀರಿ. ಒಂದು ಉಸುರು ಬಿಟ್ಟು ನೋಡ್ರಿ."

ಯಂತ್ರವೂ ವಯಲನ್ನು ತಿರುಗಿಸಿ ನಿಲ್ಲಿಸಿಯೇ ಚಿತ್ರ ತೆಗೆಯುತ್ತಿತ್ತು. ಆದರೆ ನಿಲ್ಲಿಸುವುದಕ್ಕೂ ಚಿತ್ರ ತೆಗೆಯುವುದಕ್ಕೂ ನಡುವೆ ಅವಳು ಹೇಳಿದ ಆ ಒಂದು ಉಸಿರು ಇರಲಿಲ್ಲ. ಪ್ರಜ್ವಲ್ ನಾಲ್ಕು ದಿನ ಅವಳ ಪಕ್ಕ ಕೂತು, ಅವಳ ಮಣಿಕಟ್ಟಿನ ವೇಗ, ನಿಲುಗಡೆ, ಕಾಯುವ ಹೊತ್ತು ಎಲ್ಲವನ್ನೂ ಬರೆದುಕೊಂಡು ಯಂತ್ರಕ್ಕೆ ಇಳಿಸಿದರು. ಅದರ ಮರುದಿನ ಯಂತ್ರ ಅಳತೆಗೋಲನ್ನು ದಾಟಿತು. ಹುಲಿಗೆಮ್ಮ ಪರದೆಯ ಮೇಲಿನ ಅಂಕ ನೋಡಿ, "ಕಲೀತು ನೋಡ್ರಿ," ಎಂದು ನಕ್ಕಳು. ಕಲಿಸಿದ ಯಾರಿಗಾದರೂ ಆಗುವ ಸಂತೋಷ ಅದು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಒಂದು ತೊಡಕು ಮಾತ್ರ ಉಳಿಯಿತು. ಸೀಸೆಯ ಕತ್ತಿನ ತಿರುವಿನಲ್ಲಿ ಅಂಟಿ ಕೂತ ಗಾಜಿನ ಸೀಳುಗಳ ಬಗ್ಗೆ ಯಂತ್ರಕ್ಕೆ ಖಚಿತವಾಗಿ ಹೇಳಲಾಗುತ್ತಿರಲಿಲ್ಲ. ಅಪಾಯ ಬೇಡವೆಂದು, ಅನುಮಾನ ಬಂದ ಎಲ್ಲವನ್ನೂ ಅದು ಒಪ್ಪಿದ, ತಿರಸ್ಕರಿಸಿದ ಟ್ರೇಗಳೆರಡಕ್ಕೂ ಹಾಕದೆ ಮೂರನೆಯ ಟ್ರೇಗೆ ತಳ್ಳುವಂತೆ ಮಾಡಿದೆವು. ಅದಕ್ಕೆ ಬೂದು ಟ್ರೇ ಎಂದು ಹೆಸರಿಟ್ಟೆವು. ಅಲ್ಲಿಗೆ ಬಿದ್ದ ವಯಲನ್ನು ಮನುಷ್ಯರೇ ನೋಡಿ ನಿರ್ಧರಿಸಬೇಕು. ನಾನು ಲೆಕ್ಕ ಹಾಕಿ, ಯಂತ್ರವನ್ನು ಒಪ್ಪಬಹುದು, ಆದರೆ ಬೂದು ಟ್ರೇಗಾಗಿ ನುರಿತ ಹನ್ನೆರಡು ಮಂದಿಯನ್ನು ಕಾಯಂ ಇಟ್ಟುಕೊಳ್ಳಬೇಕು, ಉಳಿದವರಿಗೆ ಬೇರೆ ವಿಭಾಗದಲ್ಲಿ ಕೆಲಸ ಕಲಿಸಬೇಕು ಎಂದು ವರದಿಯ ಮೊದಲ ಪುಟದಲ್ಲೇ ಬರೆದೆ.

ವಿಡಿಯೊ ಸಭೆ ನಡೆಯಿತು. ಗ್ರಾಹಕ ಕಂಪನಿಯ ಗುಣಮಟ್ಟ ಅಧಿಕಾರಿ ಸೌಜನ್ಯದಿಂದಲೇ ಕೇಳಿದರು, ಯಂತ್ರ ಅಳತೆಗೋಲು ದಾಟಿದೆಯೋ ಇಲ್ಲವೋ? ದಾಟಿದೆ ಎಂದೆ. ಹಾಗಾದರೆ ಸಿಬ್ಬಂದಿಯ ಸಂಖ್ಯೆ ನಿಮ್ಮ ಆಂತರಿಕ ವಿಷಯ ಎಂದರು. ಸಭೆ ಮುಗಿದ ಮೇಲೆ ರಾವ್ ನನ್ನ ವರದಿಯನ್ನು ಮುಂದಿಟ್ಟುಕೊಂಡು ಹೇಳಿದರು: "ಈ ಶಿಫಾರಸನ್ನು ಅನುಬಂಧಕ್ಕೆ ಹಾಕೋಣ ಮೇಡಂ. ತೆಗೆದುಹಾಕಿ ಅಂತ ನಾನು ಹೇಳುತ್ತಿಲ್ಲವಲ್ಲ."

ತೆಗೆದುಹಾಕಿ ಎಂದಿದ್ದರೆ ಬಹುಶಃ ಜಗಳವಾಡುತ್ತಿದ್ದೆ. ಅನುಬಂಧಕ್ಕೆ ಎಂದಾಗ ಒಪ್ಪಿದೆ. ಶಿಫಾರಸು ಹೋಗಿ ನಲವತ್ತೇಳನೇ ಪುಟ ಸೇರಿತು. ಸಹಿ ಹಾಕಿದೆ.

ಆಗಸ್ಟಿನ ಒಂದು ಸೋಮವಾರ ಬೆಳಿಗ್ಗೆ ಎಂಟಕ್ಕೆ ನನ್ನ ಕಾರು ಗೇಟಿಗೆ ಬಂದಾಗ ಹೆಂಗಸರು ಗುಂಪಾಗಿ ಹೊರಗೆ ನಿಂತಿದ್ದರು. ಒಬ್ಬೊಬ್ಬರಾಗಿ ಗುರುತಿನ ಕಾರ್ಡನ್ನು ಗೇಟಿನ ಪೆಟ್ಟಿಗೆಗೆ ಹಿಡಿಯುತ್ತಿದ್ದರು. ಕೆಂಪು ದೀಪ. ಮತ್ತೆ ಹಿಡಿದರೂ ಕೆಂಪು ದೀಪ. ನಲವತ್ತರಲ್ಲಿ ಆರು ಮಂದಿಯ ಕಾರ್ಡಿಗೆ ಮಾತ್ರ ಬಾಗಿಲು ತೆರೆಯಿತು. ಆ ಆರರಲ್ಲಿ ಹುಲಿಗೆಮ್ಮ ಇರಲಿಲ್ಲ. ಆರಿಸಿದವನು ಗುತ್ತಿಗೆದಾರ, ಅವನು ನೋಡಿದ್ದು ವಯಸ್ಸನ್ನು.

ನಾನು ಇಳಿದು ಹೋದೆ. ಅವಳು ಕಾರ್ಡನ್ನು ಸೆರಗಿನಿಂದ ಒರೆಸುತ್ತಿದ್ದಳು. "ಧೂಳ ಕುಂತೈತೇನೋ ಅನಕೊಂಡ್ನಿರಿ," ಅಂದಳು. ಆಮೇಲೆ ದನಿ ಏರಿತು. "ಬ್ಯಾಡ ಅನ್ನೂದನ್ನ ಬಾಯಿಲೆ ಹೇಳಾಕ ಒಬ್ಬ ಮನಷ್ಯಾ ಸಿಗಲಿಲ್ಲೇನ್ರಿ ನಿಮಗ? ಹನ್ನೊಂದು ವರ್ಷದಾಗ ನನ್ನ ಕೈಯಾಗಿಂದ ಒಂದು ಕಂಪ್ಲೇಂಟ್ ಬಂದೈತೇನ್ರಿ? ನೀವಽ ಹೇಳ್ರಿ ಮೇಡಂ, ಇವ್ರೆಲ್ಲಾರ ಮುಂದ ಹೇಳ್ರಿ."

"ಬಂದಿಲ್ಲ," ಎಂದೆ. ಎಲ್ಲರ ಮುಂದೆಯೇ ಹೇಳಿದೆ. ಅದರಿಂದ ಗೇಟು ತೆರೆಯಲಿಲ್ಲ.

ಅಂದಿನಿಂದ ನನ್ನ ಓಡಾಟ ಶುರುವಾಯಿತು. ನಮ್ಮ ಎಚ್‌.ಆರ್. ವಿಭಾಗ, ಅವರು ನಮ್ಮ ನೌಕರರಲ್ಲ, ಗುತ್ತಿಗೆದಾರನನ್ನು ಕೇಳಿ ಎಂದಿತು. ಗುತ್ತಿಗೆದಾರ, ಕಂಪನಿ ಬೇಡ ಅಂದಮೇಲೆ ನಾನೇನು ಮಾಡಲಿ ಎಂದ. ಹಿಮಾಯತ್‌ನಗರದ ಪ್ರಧಾನ ಕಚೇರಿಗೆ ಮೂರು ಸಲ ಹೋದೆ. ಮೊದಲ ಸಲ ಭೇಟಿ ಸಿಗಲಿಲ್ಲ. ಎರಡನೇ ಸಲ, ಪ್ಯಾಕಿಂಗ್ ವಿಭಾಗದಲ್ಲಿ ನೋಡೋಣ ಎಂದರು. ಮೂರನೇ ಸಲ ಹೋದಾಗ ಪ್ಯಾಕಿಂಗಿಗೂ ಯಂತ್ರದ ಆರ್ಡರು ಹೋಗಿತ್ತು. ನನ್ನ ನಲವತ್ತೇಳನೇ ಪುಟವನ್ನು ಓದಿದ ಒಬ್ಬರೂ ಆ ಕಟ್ಟಡದಲ್ಲಿ ಸಿಗಲಿಲ್ಲ.

ಡಿಸೆಂಬರಿನ ಹೊತ್ತಿಗೆ ಆಗಬೇಕಾದದ್ದೇ ಆಯಿತು. ಬೂದು ಟ್ರೇಗಳು ತುಂಬಿ ಶೀತಲ ಕೋಣೆಯಲ್ಲಿ ಪೇರಿಸಿಟ್ಟ ಕ್ರೇಟುಗಳಾದವು. ಆರು ಜನ ಎಷ್ಟು ನೋಡಿಯಾರು? ಇಬ್ಬರು ಕಣ್ಣುರಿಯಿಂದ ರಜೆ ಹಾಕಿದರು. ಸರಕು ಹೊರಡಬೇಕಾದ ದಿನ ಹತ್ತಿರ ಬಂತು. ಆಗ ರಾವ್ ನನ್ನನ್ನು ಕರೆದರು: "ಹಳಬರಲ್ಲಿ ಒಂದು ಹತ್ತು ಜನರನ್ನು ಮೂರು ತಿಂಗಳಿಗೆ ಕರೆಸಿ ಮೇಡಂ. ನಿಮ್ಮ ಮಾತಾದರೆ ಕೇಳುತ್ತಾರೆ." ಜೊತೆಗೆ ಇನ್ನೊಂದು ಸೂಚನೆಯೂ ಇತ್ತು. ಅವರು ನೋಡಿ ನಿರ್ಧರಿಸಿದ ಪ್ರತಿ ವಯಲಿನ ಚಿತ್ರವನ್ನೂ ಯಂತ್ರಕ್ಕೆ ಪಾಠವಾಗಿ ಉಣಿಸಬೇಕು, ಬೂದು ಟ್ರೇಗೆ ಬೀಳುವುದೇ ಕಡಿಮೆಯಾಗಬೇಕು.

ಹುಲಿಗೆಮ್ಮ ಮಿಯಾಪುರದ ಮೆಟ್ರೊ ನಿಲ್ದಾಣದ ಹಿಂದಿನ ಅಪಾರ್ಟ್‌ಮೆಂಟೊಂದರಲ್ಲಿ ಮೆಟ್ಟಿಲು ಒರೆಸುವ ಕೆಲಸ ಹಿಡಿದಿದ್ದಳು. ಬಕೆಟ್ ಪಕ್ಕಕ್ಕಿಟ್ಟು, ನಾನು ಹೇಳಿದ್ದನ್ನೆಲ್ಲ ಕೇಳಿದಳು.

"ಮೂರು ತಿಂಗಳಾದ ಮ್ಯಾಲ?"

"ಗೊತ್ತಿಲ್ಲ," ಎಂದೆ. ಈ ಸಲವಾದರೂ ನಿಜ ಹೇಳಿದೆ. ಚಿತ್ರಗಳ ವಿಷಯವನ್ನೂ ಮುಚ್ಚಿಡಲಿಲ್ಲ.

"ಹಂಗಾದ್ರ ನಾ ಬರಾಂಗಿಲ್ರಿ. ಒಮ್ಮಿ ಕಲಿಸಿ ಬಂದೀನಿ, ಸಾಕು." ಬಕೆಟ್ ಕೈಗೆತ್ತಿಕೊಳ್ಳುತ್ತ ಹೇಳಿದಳು, "ನನಗೊಂದು ಕಾಗದ ಬೇಕ್ರಿ. ನಾ ಇಂಥಾ ಕೆಲಸಾ ಮಾಡೀನಿ, ಇಷ್ಟು ವರ್ಷ ಮಾಡೀನಿ ಅಂತ. ಸಣ್ಣ ಕಾರ್ಖಾನಿಯಾಗ ಇನ್ನಾ ಕಣ್ಣೀಲೇ ನೋಡ್ತಾರಂತ. ಅಲ್ಲಿ ಹೋಗಿ ಬಾಯಿಲೆ ಹೇಳಿದ್ರ ಯಾರು ನಂಬ್ತಾರ?"

ಇದಕ್ಕಿಂತ ಸಣ್ಣ ಬೇಡಿಕೆ ಇರಲಾರದು. ಅವಳ ಹನ್ನೊಂದು ವರ್ಷದ ಕಣ್ಣಿನ ತಪಾಸಣೆ, ಪರೀಕ್ಷೆಯ ಅಂಕಗಳು ಎಲ್ಲವೂ ನನ್ನ ಕಪಾಟಿನಲ್ಲೇ ಇದ್ದವು. ಆದರೆ ಎಚ್‌.ಆರ್. ಒಪ್ಪಲಿಲ್ಲ. ಕಂಪನಿಯ ಲೆಟರ್‌ಹೆಡ್ಡಿನಲ್ಲಿ ಅನುಭವ ಪತ್ರ ಕೊಟ್ಟರೆ ನಾಳೆ ಅವರು ತಾವು ಕಂಪನಿಯ ನೌಕರರೇ ಎಂದು ಕೋರ್ಟಿಗೆ ಹೋಗಬಹುದಂತೆ. ಇನ್ನೂರೈವತ್ತು ವಯಲ್‌ಗಳ ಮುಂದೆ ಯಂತ್ರಕ್ಕೆ ಅಳತೆಗೋಲಾಗುವಾಗ ಅವರು ನಮ್ಮವರು; ಒಂದು ಹಾಳೆ ಕೇಳಿದಾಗ ಅಲ್ಲ. ಅವತ್ತು ಎಚ್‌.ಆರ್. ಕೋಣೆಯಲ್ಲಿ ನಾನು ಜೀವನದಲ್ಲೇ ಮೊದಲ ಸಲ ಕಚೇರಿಯ ಮೇಜು ಗುದ್ದಿದೆ. ಕೈ ನೋವಾಯಿತು. ಬೇರೇನೂ ಆಗಲಿಲ್ಲ.

ಮನೆಗೆ ಬಂದು ಬಿಳಿ ಹಾಳೆಯ ಮೇಲೆ ನನ್ನ ಹೆಸರು, ನನ್ನ ಫಾರ್ಮಸಿ ನೋಂದಣಿ ಸಂಖ್ಯೆ ಹಾಕಿ, ಇವರಿಗೆ ಪರೀಕ್ಷೆ ಮಾಡಿದವಳು ನಾನು, ಇವರ ಕಣ್ಣು ಮತ್ತು ಕೆಲಸ ಎರಡಕ್ಕೂ ನಾನು ಸಾಕ್ಷಿ ಎಂದು ಮೂವತ್ನಾಲ್ಕು ಪತ್ರ ಬರೆದೆ. ಅದಕ್ಕೆ ನನಗೆ ಎಚ್ಚರಿಕೆಯ ನೋಟಿಸ್ ಬಂತು. ಆ ಪತ್ರ ಹಿಡಿದು ಒಂಬತ್ತು ಮಂದಿಗೆ ಬೇರೆ ಕಡೆ ಕೆಲಸ ಸಿಕ್ಕಿತು, ಹುಲಿಗೆಮ್ಮನಿಗೂ ಸಿಕ್ಕಿತು. ನಮ್ಮಲ್ಲಿಗೆ ಮೂರು ತಿಂಗಳಿಗೆಂದು ಮರಳಿ ಬಂದ ಏಳು ಮಂದಿ ಶೀತಲ ಕೋಣೆ ಖಾಲಿ ಮಾಡಿಕೊಟ್ಟು, ಯಂತ್ರಕ್ಕೆ ಇನ್ನಷ್ಟು ಕಲಿಸಿ, ಮತ್ತೆ ಹೊರಗೆ ಹೋದರು. ಮರುವರ್ಷ ನಾನು ನಿವೃತ್ತಳಾದೆ.

ಕಳೆದ ವರ್ಷ ಹುಲಿಗೆಮ್ಮ ಫೋನ್ ಮಾಡಿದಳು. ಅವಳ ಹೊಸ ಕಾರ್ಖಾನೆಗೂ ಯಂತ್ರ ಬಂದಿತ್ತು. ಪರೀಕ್ಷೆಗೆ ಕೂರುವ ಹತ್ತು ಮಂದಿಯಲ್ಲಿ ಅವಳ ಹೆಸರೇ ಮೊದಲು. "ಈ ಸಲ ಏನ್ ಕೇಳ್ಬೇಕ್ರಿ, ಕುಂದ್ರೂಕಿಂತ ಮೊದ್ಲ?" ಎಂದು ಕೇಳಿದಳು. ಪರೀಕ್ಷೆ ಮುಗಿದ ಮೇಲೆ ಯಾರಿಗೆ ಯಾವ ಕೆಲಸ ಎಂದು ಬರೆದುಕೊಟ್ಟ ಮೇಲೆಯೇ ಕೂರಿ, ಹತ್ತೂ ಜನ ಒಟ್ಟಿಗೇ ಕೇಳಿ ಎಂದೆ. ಹಾಗೇ ಮಾಡಿದರು. ಎರಡು ವಾರ ಪರೀಕ್ಷೆ ನಿಂತಿತು. ಕೊನೆಗೆ ಆಡಳಿತದವರು ಬರೆದುಕೊಟ್ಟರು.

"ನಾಕ್ ಮಂದಿಗೆ ಕಾಯಂ ಮಾಡ್ಯಾರ್ರಿ ಮೇಡಂ," ಎಂದು ಮತ್ತೆ ಫೋನ್ ಮಾಡಿ ಹೇಳಿದಳು. ನಾನು ಖುಷಿಯಿಂದ ಏನೋ ಹೇಳಲು ಹೊರಟೆ. ಅವಳು ತಡೆದಳು. "ಆ ನಾಕರಾಗ ನಾ ಇಲ್ರಿ. ಎಲ್ಲಾರ ಪರವಾಗಿ ಮಾತಾಡಿದಾಕಿ ನಾನಽ ಅಲ್ರಿ?"

ಯಂತ್ರ ಕೆಟ್ಟದ್ದೆಂದು ನಾನು ಎಲ್ಲೂ ಹೇಳುವುದಿಲ್ಲ. ನಮ್ಮ ಯಂತ್ರ ಹಿಡಿದ ಕೆಲವು ಕಣಗಳನ್ನು ಹುಲಿಗೆಮ್ಮನ ಕಣ್ಣೂ ಹಿಡಿಯುತ್ತಿರಲಿಲ್ಲ. ರೋಗಿಗಳಿಗೆ ಅದು ಒಳ್ಳೆಯದೇ. ವೃತ್ತಿ ನನಗೆ ಕಲಿಸಿದ್ದು ಬೇರೆ. ಯಂತ್ರವೊಂದು ಬರುವಾಗ ಅದರ ವೇಗ, ನಿಖರತೆ, ಉಷ್ಣಾಂಶ ಎಲ್ಲಕ್ಕೂ ವರದಿಯಲ್ಲಿ ಒಂದೊಂದು ಅಂಕಣವಿರುತ್ತದೆ. ಅದು ಯಾರ ಕುರ್ಚಿಯಲ್ಲಿ ಕೂರುತ್ತದೆ, ಎದ್ದವರು ಎಲ್ಲಿಗೆ ಹೋಗುತ್ತಾರೆ ಎಂಬುದಕ್ಕೆ ಇರುವುದಿಲ್ಲ. ಆ ಅಂಕಣವನ್ನು ಸಹಿ ಮಾಡುವವರೇ ಎಳೆಯಬೇಕು, ಮೊದಲ ಪುಟದಲ್ಲಿ, ಪೆನ್ನು ಇನ್ನೂ ತಮ್ಮ ಕೈಯಲ್ಲಿರುವಾಗ. ನಾನು ಎಳೆದಿದ್ದೆ. ಬೇರೆಯವರು ಹೇಳಿದರೆಂದು ನನ್ನ ಕೈಯಾರೆ ಅದನ್ನು ನಲವತ್ತೇಳನೇ ಪುಟಕ್ಕೆ ಸರಿಸಿದೆ.